ಏನೂ ಆಗದ ನೆಲ

ಪುಣೆಗೆ ಬಂದ ಮೂರನೇ ದಿನ ಹೊಸ ಆಫೀಸಿನ ಮುಖ್ಯಸ್ಥ ದೇಶಪಾಂಡೆ ಸರ್ ನನಗೆ ಕೊಟ್ಟ ಕೆಲಸ ಕೇಳಿದರೆ ನೀವು ನಗುತ್ತೀರಿ: ಏನೂ ಆಗದ ನೆಲ ಹುಡುಕು. ಮನೆ ಏಳಬಾರದು, ಬೆಳೆ ಬರಬಾರದು, ನೀರು ನಿಲ್ಲಬಾರದು. ವರ್ಷವಿಡೀ ತೆಪ್ಪಗೆ ಬಿದ್ದಿರಬೇಕು. ನಾನು ರೂಮು ಹಿಡಿದ ಕೊಂಢವಾದಲ್ಲಿ ಬೆಳಿಗ್ಗೆ ಖಾಲಿ ಇದ್ದ ಸೈಟಿನಲ್ಲಿ ಸಂಜೆಗೆ ಪಾಯ ತೋಡಿರುತ್ತಾರೆ. ಇಂಥ ಊರಲ್ಲಿ ಕೂತು ಏನೂ ಆಗದ ನೆಲ ಹುಡುಕಬೇಕಂತೆ!

ನಮ್ಮದು ಉಪಗ್ರಹದ ರೇಡಾರ್ ಸರಿಯಿದೆಯೇ ಎಂದು ನೋಡುವ ಸಣ್ಣ ಕಚೇರಿ. ರೇಡಾರ್ ಮೇಲಿಂದ ಅಲೆ ಬಿಡುತ್ತದೆ, ನೆಲಕ್ಕೆ ತಾಗಿ ಮರಳಿದ್ದನ್ನು ಅಳೆಯುತ್ತದೆ. ನೆಲ ಹಾಗೇ ಇದ್ದು ಅಳತೆ ಮಾತ್ರ ಬದಲಾದರೆ ಉಪಕರಣವನ್ನು ತಿದ್ದಬೇಕು. ನಾನು ಪರದೆಯ ಮೇಲೆಯೇ ಇಂದಾಪುರದ ಹತ್ತಿರ ಒಂದು ಮಾಳರಾನ ಆರಿಸಿದೆ. ಮಾಳರಾನ ಎಂದರೆ ಕಲ್ಲು, ಕುರುಚಲು ಹುಲ್ಲಿನ ಬಯಲು. ನಮ್ಮ ಪಾವಗಡದ ಬಯಲಿನ ತದ್ರೂಪು. ಹಿಂದಿನ ವರ್ಷಗಳ ಅಳತೆಯೆಲ್ಲ ಒಂದೇ ಸಮ ಇತ್ತು.

ದೀಪಾವಳಿ ಮುಗಿದ ವಾರದಲ್ಲೇ ಅಳತೆ ಏರಿತು. ಉಪಕರಣದ ಅಳತೆ ಜಾರಿದೆ, ಸೋಮವಾರ ತಿದ್ದೋಣ ಎಂದರು ಸರ್. ಆದರೆ ಸರಿಯಿರುವುದನ್ನು ತಿದ್ದಿದರೆ ಅದು ಅಳೆಯುವ ಊರೂರಿನ ಹೊಲದ ತೇವದ ಲೆಕ್ಕವೆಲ್ಲ ಹಾಳು. ಅಲ್ಲಿಯವರೆಗೆ ನಾನು ಆಫೀಸಿನಲ್ಲಿ ಬಾಯಿ ಬಿಟ್ಟವಳೇ ಅಲ್ಲ. ಮರಾಠಿ ಜೋಕು ನನಗೆ ತಿಳಿಯುವಷ್ಟರಲ್ಲಿ ಉಳಿದವರು ನಕ್ಕು ಮುಗಿಸಿರುತ್ತಿದ್ದರು. ಆ ದಿನ ಮಾತ್ರ, ನೆಲ ನೋಡಿ ಬರುತ್ತೇನೆ, ಆಮೇಲೆ ತಿದ್ದಿ ಎಂದುಬಿಟ್ಟೆ. ಕೈಯಲ್ಲಿ ಪುರಾವೆ ಏನೂ ಇರಲಿಲ್ಲ, ಬರೀ ಹಟ. ಸುಳ್ಳಾದರೆ ಪ್ರೊಬೇಷನ್ನಿನಲ್ಲಿದ್ದ ನನ್ನ ನೌಕರಿಗೂ ಅಂದೇ ಮಂಗಳ.

ಶನಿವಾರ ಎಸ್‌ಟಿ ಹತ್ತಿದೆ. ಎಸ್‌ಟಿ ಎಂದರೆ ಇಲ್ಲಿಯ ಸರ್ಕಾರಿ ಕೆಂಪು ಬಸ್ಸು. ಇಂದಾಪುರದಲ್ಲಿ ಇಳಿದು, ಆಟೊ ಹಿಡಿದು ಬಯಲಿಗೆ ಹೋದರೆ ನನ್ನ ‘ಏನೂ ಆಗದ ನೆಲ’ದ ಒಂದು ಮೂಲೆಯಲ್ಲಿ ಊರೇ ಎದ್ದಿದೆ! ಸಾಲು ಸಾಲು ಕೋಪಿ, ಅಂದರೆ ಕಬ್ಬು ಕಡಿಯುವವರ ಗುಡಿಸಲು. ಪಕ್ಕದಲ್ಲಿ ಕಬ್ಬಿಣದ ಟ್ರಾಲಿಗಳ ಹಿಂಡು. ಅಯ್ಯೋ ಶಿವನೇ ಎಂದು ಹಣೆ ಚಚ್ಚಿಕೊಂಡೆ.

ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಹೆಂಗಸು ತಲೆಯೆತ್ತಿದಳು. “ಕನ್ನಡದವ್ರೇನ್ರಿ?”

ಇಂಡಿ ಕಡೆಯ ಶಾಂತವ್ವ. ಕೂರಿಸಿ, ಬಿಸಿ ಜೋಳದ ರೊಟ್ಟಿಗೆ ಖಾರ ಹಚ್ಚಿ ಕೊಟ್ಟಳು. ಮುದ್ದೆ ಉಂಡು ಬೆಳೆದ ನಾನು ಅದನ್ನು ಕಣ್ಣೀರು ಸುರಿಸುತ್ತಲೇ ತಿಂದೆ. ಖಾರಕ್ಕೆ ಅರ್ಧ, ಕನ್ನಡ ಕೇಳಿದ ಖುಷಿಗೆ ಅರ್ಧ. ಯಾವಾಗ ಬಂದಿರಿ ಎಂದು ಕೇಳಿದೆ.

“ದೀಪಾವಳಿ ಆಗಿ ನಾಕನೇ ದಿನಕ್ಕ ಬಂದೇವ್ರಿ. ಹೋದ ವರ್ಷದ ಜಾಗಾ ಬ್ಯಾರೆ ಇತ್ತು. ಈ ಸಲ ಟ್ರಾಲಿ ಎಲ್ಲಾ ಇಲ್ಲೇ ನಿಲ್ಲಸ್ತಾರ.”

ಶಾಂತವ್ವನನ್ನು ಅಪ್ಪಿಕೊಳ್ಳುವುದೊಂದು ಬಾಕಿ. ಟ್ರಾಲಿಯ ಪಕ್ಕೆಗೂ ನೆಲಕ್ಕೂ ಬಡಿದ ಅಲೆ, ಗೋಡೆಗೆಸೆದ ಚೆಂಡಿನಂತೆ ನೇರ ವಾಪಸ್ಸು ಹೋಗುತ್ತದೆ. ಅಳತೆ ಏರಿದ್ದು ಅದಕ್ಕೇ.

ಸೋಮವಾರ ಆ ಮೂಲೆಯನ್ನು ಬಿಟ್ಟು ಮತ್ತೆ ಲೆಕ್ಕ ಹಾಕಿದೆವು. ಉಳಿದ ಬಯಲು ಹಿಂದಿನಂತೆಯೇ ಒಂದೇ ಸಮ! ಸರ್ ಎಲ್ಲರೆದುರು, “ರಡಾರ್ ಬರೋಬರ್ ಆಹೆ. ಹೀ ಮುಲಗೀ ಪಣ್” ಎಂದರು. ರೇಡಾರೂ ಸರಿ, ಈ ಹುಡುಗಿಯೂ ಸರಿ ಎಂದು. ಆ ಮರಾಠಿ ನನಗೆ ಎಲ್ಲರಿಗಿಂತ ಮೊದಲು ಅರ್ಥವಾಯಿತು. ನೆಲ ಆರಿಸುವ ಕೆಲಸವೆಲ್ಲ ಇನ್ನು ನಿನ್ನದೇ ಎಂದರು.

ಹೋಲಿಕೆಗೆ ಇನ್ನೊಂದು ನೆಲ ಬೇಕಿತ್ತು. ಹೆಮ್ಮೆಯಿಂದ ನಮ್ಮ ಪಾವಗಡದ ಬಯಲನ್ನೇ ತೆಗೆದೆ. ನಾನು ಕಂಡಂತೆ ಅಲ್ಲಿ ಎಂದೂ ಏನೂ ಆದದ್ದಿಲ್ಲ. ಸೋಲಾರ್ ಪಾರ್ಕು ಬಂದದ್ದು ಗೊತ್ತಿತ್ತು, ನಮ್ಮ ಬಯಲಿಗೂ ಹಬ್ಬಿದ್ದು ಗೊತ್ತಿರಲಿಲ್ಲ: ಪರದೆ ತುಂಬ ಫಲಕಗಳ ಹೊಳಪು. ಒಂದು ವರ್ಷದ ಅಳತೆ ಇನ್ನೊಂದಕ್ಕೆ ತಾಳೆಯಿಲ್ಲ. ಇಂದಾಪುರದ ಮುಂದೆ ‘ನಂಬಬಹುದು’ ಎಂದೂ ಪಾವಗಡದ ಮುಂದೆ ‘ಬೇಡ’ ಎಂದೂ ನಾನೇ ಬರೆದೆ. ಬರೆಯುವಾಗ ಸಂಕಟವಾಯಿತು.

ಸಂಜೆ ಅಕ್ಕನಿಗೆ ಫೋನಿನಲ್ಲಿ ನನ್ನ ಗೆಲುವನ್ನೆಲ್ಲ ಕೊಚ್ಚಿಕೊಂಡೆ. ಕೊನೆಗೆ ಅವಳು ಕೇಳಿದಳು: “ನಮ್ಮೂರೂ ಕಾಣ್ಸುತ್ತೇನೇ ಅಲ್ಲಿಂದ?”

“ಎಲ್ಲಕ್ಕಿಂತ ಜೋರಾಗಿ ಹೊಳೆಯುತ್ತೆ ಕಣೇ” ಎಂದೆ. ಅದಕ್ಕೇ ಬೇಡವೆಂದೆ ಅನ್ನುವುದನ್ನು ಮಾತ್ರ ಹೇಳಲಿಲ್ಲ.