ಅಂಗಳದ ಮೂರು ಗೋಧಿ ಗಿಡಗಳು

ಅಕ್ಕಿ ಬಿಟ್ಟು ಬೇರೇನನ್ನೂ ಊಟವೆಂದು ಒಪ್ಪದ ಮನೆ ನಮ್ಮದು. ರೇಷನ್ ಅಂಗಡಿಯವರು ಅಕ್ಕಿಯ ಬದಲು ಗೋಧಿ ಅಳೆದುಕೊಟ್ಟ ವಾರ ಸೋದರಮಾವ ಅದನ್ನು ಕೋಳಿಗಳಿಗೆ ಚೆಲ್ಲಿದ. ಅವು ತಿಂದವು. ಕೋಳಿಗೆ ಬುದ್ಧಿಯಿಲ್ಲ ಎಂದ. ಅಂಥ ಮನೆಯಿಂದ ನನ್ನ ಅಣ್ಣ ಗೋಧಿ ಬೆಳೆಸುವ ಕೆಲಸಕ್ಕೆ ಹೋದ.

ಮಾವ ಕುದ್ರೋಳಿಯಲ್ಲಿ ಮೀನಿಗೆ ಉಪ್ಪು ಹಾಕಿಸಿ ಘಟ್ಟದ ಮೇಲಕ್ಕೆ ಕಳುಹಿಸುತ್ತಿದ್ದ. ತನಗೆ ಗೊತ್ತಿಲ್ಲದ ವಿಷಯವೊಂದು ಇರಬಹುದೆಂದು ಅವನಿಗೆ ಎಂದೂ ಅನ್ನಿಸಿರಲಿಲ್ಲ. ಅಣ್ಣ ಬೆಟ್ಟದ ಮೇಲಿನ ಒಂದು ಸಂಶೋಧನಾ ಕೇಂದ್ರದಲ್ಲಿ ಸಹಾಯಕ. ಗೋಧಿಗೆ ತುಕ್ಕು ರೋಗ ಬರುತ್ತದೆ. ಎಲೆಯ ಮೇಲೆ ಕಬ್ಬಿಣದ ತುಕ್ಕಿನಂಥ ಪುಡಿ ಎದ್ದು ಕಾಳು ಜೊಳ್ಳಾಗುತ್ತದೆ. ಗೋಧಿಗೆ ನಂಟಾದ ಒಂದು ಕಾಡುಹುಲ್ಲಿಗೆ ಆ ರೋಗ ತಾಗುವುದಿಲ್ಲ. ಆ ಗುಣವನ್ನು ಗೋಧಿಗೆ ತರಬೇಕು. ಎರಡನ್ನೂ ಕೂಡಿಸಿದರೆ ಹುಟ್ಟುವ ಗಿಡ ಹೆಚ್ಚಾಗಿ ಬಂಜೆ, ಅಪರೂಪಕ್ಕೆ ಒಂದೆರಡು ಕಾಳು. ಅವನ್ನು ಬಿತ್ತಿ ಮತ್ತೆ ಗೋಧಿಯೊಂದಿಗೆ ಕೂಡಿಸಬೇಕು, ಮತ್ತೆ ಮತ್ತೆ, ಕಾಡುತನ ಹೋಗಿ ಆ ಗುಣವೊಂದೇ ಉಳಿಯುವ ತನಕ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೂ ತಿಳಿಯುವ ಹಾಗೆ ಅಣ್ಣ ಇದನ್ನು ಹೇಳಿದ್ದ.

ಅವನ ಮೇಲಧಿಕಾರಿಯೂ ಮಾವನಂಥವನೇ, ಬೂಟು ಹಾಕುತ್ತಿದ್ದ ಅಷ್ಟೆ. ಅಣ್ಣ ನಾಲ್ಕು ವರ್ಷ ದುಡಿದು ಪಡೆದ ಕಾಳುಗಳನ್ನು ಕಳೆ ಎಂದು ಕರೆದ. ಈ ಸಲ ಒಂದು ಗಿಡವಾದರೂ ತುಂಬಿದ ತೆನೆ ಕೊಡದಿದ್ದರೆ ಮುಂದೆ ಇದಕ್ಕೆ ಜಾಗವಿಲ್ಲ ಎಂದ. ಅಷ್ಟರಲ್ಲಿ ಅಣ್ಣನಿಗೆ ಕಾಮಾಲೆ ಬಂತು. ಅರ್ಧ ಕಾಳುಗಳನ್ನು ಅಲ್ಲೇ ಬೀಗ ಹಾಕಿಟ್ಟು, ಉಳಿದರ್ಧ ಹಿಡಿದುಕೊಂಡು ರಜೆಯ ಮೇಲೆ ಮನೆಗೆ ಬಂದ.

ದೀಪಾವಳಿ ಕಳೆದ ಮೇಲೆ ಸೀಮೆಎಣ್ಣೆಯ ಹಳೆ ಡಬ್ಬಿಗಳಲ್ಲಿ ಬಿತ್ತಿದ. ಮೂರು ಗಿಡ ಎದ್ದವು. ಒಂದು ಮಾತ್ರ ಚೆನ್ನಾಗಿ ಬಂದು ತೆನೆ ಬಿಟ್ಟಿತು. ಅಣ್ಣ ಹಳದಿ ಕಣ್ಣುಗಳನ್ನು ಹತ್ತಿರ ಹಿಡಿದು, ಚಿಮಟದಿಂದ ಅದರ ಕೇಸರಗಳನ್ನು ಒಂದೊಂದಾಗಿ ಕಿತ್ತ. ಪಕ್ಕದ ಡಬ್ಬಿಯಲ್ಲಿ ಸಾಮಾನ್ಯ ಗೋಧಿ ಇತ್ತು. ಮೂರು ದಿನ ಬಿಟ್ಟು ಅದರ ಪರಾಗ ಸವರಿ, ತೆನೆಗೆ ಕಾಗದದ ಚೀಲ ಕಟ್ಟಿದ.

ನಮ್ಮ ಮನೆಮಾತು ತುಳು. ಮಾವ ಹೇಳಿದ್ದನ್ನು ಕನ್ನಡದಲ್ಲಿ ಬರೆದರೆ ಹೀಗೆ: “ಎಂತ ಮಾರಾಯ, ಹುಲ್ಲಿಗೆ ಮದುವೆಯಾ? ಮುಸುಕು ಬೇರೆ ಹಾಕಿದ್ದಿ.” ಉಪ್ಪು ಹಾಕುವ ಹೆಂಗಸರು ನಕ್ಕರು. ಕೂಲಿ ಕೊಡುವವನ ಮಾತಿಗೆ ಅವರು ಯಾವಾಗಲೂ ನಗುತ್ತಿದ್ದರು.

ಒಂದು ದಿನ ಅಣ್ಣ ಕಾಮಾಲೆಯ ಮದ್ದಿಗೆ ಪಡೀಲಿಗೆ ಹೋಗಿದ್ದ. ಮಾವ ಮೀನಿನ ಪೀಪಾಯಿಯ ಅಡಿಯಲ್ಲಿ ನಿಂತ ಉಪ್ಪುನೀರನ್ನು ಚೊಂಬಿನಲ್ಲಿ ತುಂಬಿಕೊಂಡು ಬಂದು ಆ ಮೂರು ಗಿಡಗಳಿಗೂ ಹೊಯ್ದ. ನಮ್ಮ ತೆಂಗಿನ ಬುಡಕ್ಕೆ ಅದನ್ನೇ ಹಾಕುವುದು, ಕಾಯಿ ಗೊನೆ ತುಂಬ ಬರುತ್ತಿತ್ತು.

“ತೆಂಗಿಗೆ ಆಗ್ತದೆ, ಇದಕ್ಕೆ ಆಗುವುದಿಲ್ಲವಾ? ಓದಿದವನಿಗೆ ಇಷ್ಟೂ ಗೊತ್ತಿಲ್ಲ,” ಎಂದ.

ಸಾಮಾನ್ಯ ಗೋಧಿಯ ಡಬ್ಬಿಗೆ ಬರುವಾಗ ಚೊಂಬು ಖಾಲಿಯಾಗಿತ್ತು. ನಾನು ಬಾವಿಕಟ್ಟೆಯಲ್ಲಿ ನಿಂತು ನೋಡುತ್ತಿದ್ದೆ. ಅಣ್ಣ ಸಿಹಿನೀರನ್ನೂ ಅಳೆದು ಹಾಕುತ್ತಿದ್ದುದು ನನಗೆ ಗೊತ್ತಿತ್ತು. ಬಾಯಿ ತೆರೆಯಲಿಲ್ಲ. ಮಾವನ ಅನ್ನ ತಿನ್ನುವ ಮನೆಯಲ್ಲಿ ಬಾಯಿ ತೆರೆಯದಿರುವುದಕ್ಕೆ ನಾವು ವಿನಯ ಎಂದು ಹೆಸರಿಟ್ಟಿದ್ದೆವು.

ನಾಲ್ಕೇ ದಿನದಲ್ಲಿ ಎಲೆಗಳ ಅಂಚು ಸುಟ್ಟ ಹಾಗಾಯಿತು. ಅಂಗಳವೆಲ್ಲ ಮೀನು ನಾರುವ ಮನೆಯಲ್ಲಿ ಡಬ್ಬಿಯ ವಾಸನೆ ಬೇರೆಯಾಗಿ ತಿಳಿಯುವುದು ಹೇಗೆ? ಅಣ್ಣ ಭೂತಗನ್ನಡಿ ಹಿಡಿದು ರೋಗ ಹುಡುಕಿದ. ಸಿಗಲಿಲ್ಲ.

“ಯಾರಾದರೂ ಇದಕ್ಕೆ ಎಂತಾದರೂ ಹಾಕಿದ್ರಾ?” ಎಂದು ಕೇಳಿದ.

“ನಿನ್ನ ಹುಲ್ಲು ಮುಟ್ಲಿಕ್ಕೆ ನಮಗೆ ಮರುಳಾ?” ಎಂದ ಮಾವ.

ಅಣ್ಣ ನನ್ನ ಕಡೆ ನೋಡಿದ. ಗೊತ್ತಿಲ್ಲ ಎಂದೆ. ಅವನು ಚೀಲ ಬಿಚ್ಚಿದ. ಒಳಗೆ ಬರೀ ಹೊಟ್ಟು.

ವಾಸಿಯಾದ ಮೇಲೆ ಹಿಂತಿರುಗಿದ. ಆ ಹುಲ್ಲಿನ ಮಾತು ಮತ್ತೆ ಎತ್ತಲಿಲ್ಲ. ಕೊನೆಯವರೆಗೂ ಬೇರೆಯವರ ಗೋಧಿಗೆ ಚೀಟಿ ಕಟ್ಟಿ, ಬೇರೆಯವರಿಗಾಗಿ ತುಕ್ಕು ಎಣಿಸುತ್ತಾ ಇದ್ದ. ಕಳೆದ ತಿಂಗಳು ಅಲ್ಲೇ ಜ್ವರದಲ್ಲಿ ತೀರಿಕೊಂಡ. ಟ್ರಂಕು ಮನೆಗೆ ಬಂತು. ಅದರಲ್ಲಿದ್ದ ಟಿಪ್ಪಣಿ ಪುಸ್ತಕದಲ್ಲಿ ಆ ರಜೆಯ ಪುಟಗಳನ್ನು ಕನ್ನಡದಲ್ಲಿ ಬರೆದಿದ್ದ. ಕೊನೆಯ ಸಾಲುಗಳು: “ಪಕ್ಕದ ಗೋಧಿ ಅದೇ ಮಣ್ಣು, ಅದೇ ನೀರಿನಲ್ಲಿ ಹಸಿರಾಗಿಯೇ ಇದೆ. ಆದ್ದರಿಂದ ದೋಷ ಈ ಸಂತತಿಯದ್ದೇ. ಬೀಗ ಹಾಕಿಟ್ಟ ಕಾಳುಗಳನ್ನು ಸುಡಬೇಕು.”

ಅದೇ ನೀರು ಎಂದು ನಂಬಿದ್ದ. ನಾನು ಹಾಗೆಂದು ನಂಬಿಸಿದ್ದೆ.

ಈಗ ಮಾವ ಬಂದವರಿಗೆಲ್ಲ ನಮ್ಮ ಹುಡುಗ ದೊಡ್ಡ ವಿಜ್ಞಾನಿ ಎನ್ನುತ್ತಾನೆ. ಪುಸ್ತಕವನ್ನು ಕೇಂದ್ರಕ್ಕೆ ಕಳುಹಿಸಬೇಕಂತೆ, ಮನೆತನಕ್ಕೆ ಹೆಸರು ಬರಲಿ ಎಂದು. ಕಳುಹಿಸುತ್ತೇನೆ. ಅಣ್ಣನ ಸಾಲುಗಳ ಕೆಳಗೆ, ಯಾರು ಏನು ಹೊಯ್ದರು, ಯಾರು ನೋಡುತ್ತ ನಿಂತಿದ್ದರು ಎಂಬುದನ್ನು ಶಾಯಿಯಲ್ಲಿ ಬರೆದಿದ್ದೇನೆ. ಮಾವನಿಗೆ ಓದಿ ಹೇಳಿದೆ. ಹರಿದು ಹಾಕು ಎಂದ. ನಾಳೆ ಅಂಚೆಗೆ ನಾನೇ ಹೋಗುತ್ತೇನೆ.