ವೋಯ್ ಅಂದರೆ ಹೋಗುತ್ತೇನೆ

ಸ್ಪ್ಯಾನಿಷ್ ಭಾಷೆಯಲ್ಲಿ ನಾನು ಕಲಿತ ಮೊದಲ ಕ್ರಿಯಾಪದವೇ ನನಗೆ ಉಲ್ಟಾ ಬಿತ್ತು. ಅದು 'ಇರ್'. ನಮ್ಮಲ್ಲಿ ಇರು ಅಂದರೆ ಇದ್ದಲ್ಲೇ ಇರುವುದು. ಅವರಲ್ಲಿ ಇರ್ ಅಂದರೆ ಹೋಗುವುದು. ಅದೂ ನೆಟ್ಟಗೆ ನಡೆಯುವ ಪದವಲ್ಲ. ನಾನು ಹೋಗುತ್ತೇನೆ ಅನ್ನಲು ವೋಯ್, ನೀನು ಹೋಗುತ್ತೀಯ ಅನ್ನಲು ವಾಸ್, ಅವನು ಹೋಗುತ್ತಾನೆ ಅನ್ನಲು ವಾ. ಮೂಲದ 'ಇರ್' ಹುಡುಕಿದರೂ ಸಿಗುವುದಿಲ್ಲ. ತಾಯಿಗೂ ಮಕ್ಕಳಿಗೂ ಹೋಲಿಕೆಯೇ ಇಲ್ಲದ ಸಂಸಾರ ಅದು.

ಕಲಿಸಿದವರು ಹೊಸದುರ್ಗದ ಕಡೆಯ ನಮ್ಮೂರ ಗುಡ್ಡದ ಮೇಲೆ ಕರೆಂಟು ತೆಗೆಯುವ ಗಾಳಿ ಫ್ಯಾನು ನಿಲ್ಲಿಸಲು ಸ್ಪೇನಿನಿಂದ ಬಂದಿದ್ದ ಒಬ್ಬ ಇಂಜಿನಿಯರು, ಐವತ್ತು ದಾಟಿದವರು. ನಾನು ಬಿ.ಎ. ಮುಗಿಸಿ ಅವರ ಸ್ಟೋರಿನಲ್ಲಿ ಕೆಲಸಕ್ಕಿದ್ದೆ. ಪೆಟ್ಟಿಗೆಗಳ ಮೇಲಿನ ಬರಹವೆಲ್ಲ ಸ್ಪ್ಯಾನಿಷ್. ಅವರ ಇಂಗ್ಲಿಷಂತೂ ನನ್ನದಕ್ಕಿಂತ ಕಡೆ. ಹಾಗಾಗಿ ಊಟದ ಬಿಡುವಿನಲ್ಲಿ ಅವರು ನೋಟ್‌ಬುಕ್ಕಿನಲ್ಲಿ ಬರೆದುಕೊಡುವುದು, ನಾನು ಮಗ್ಗಿಯಂತೆ ಬಾಯಿಪಾಠ ಮಾಡುವುದು. ಸೊಕ್ಕೂ ಇತ್ತು ನನಗೆ. ಊರಿಗೆಲ್ಲ ಒಬ್ಬಳಿಗೇ ಬರುವ ಭಾಷೆ ಅಂದರೆ ಯಾರಿಗೆ ಸೊಕ್ಕು ಬರುವುದಿಲ್ಲ ಹೇಳಿ.

ಅಪ್ಪ ಕುರಿ ಕಾಯುವವನು. "ಗಾಳಿ ತಿರುಗ್ಸೋರ ಭಾಷೆ ಕಲ್ತು ಏನ್ ಮಾಡ್ತೀಯವ್ವ, ಕುರೀಗೆ ಅರ್ಥ ಆಗ್ತೈತಾ?" ಎಂದು ರೇಗಿಸುತ್ತಿದ್ದ. ಆದರೆ ಸಂಜೆ ಕುರಿಗಳನ್ನು ರೊಪ್ಪಕ್ಕೆ ಕೂಡಿ ಬಂದು ಕೂತ ಮೇಲೆ, "ಅದೇನೋ ಅಂತೀಯಲ್ಲ, ಅನ್ನು ನೋಡಾಣ" ಎಂದು ತಾನೇ ಹೇಳಿಸುತ್ತಿದ್ದ. ನಾನು ವೋಯ್, ವಾಸ್, ವಾ ಎಂದು ಒಪ್ಪಿಸುತ್ತಿದ್ದೆ.

ಒಂದು ದಿನ ಇಂಜಿನಿಯರು ಆಚೆ ಕೋಣೆಯಿಂದ ನನ್ನನ್ನು ಕರೆದರು. ನಮ್ಮಲ್ಲಿ ಯಾರಾದರೂ ಕರೆದರೆ ಕೂತಲ್ಲಿಂದಲೇ 'ಬಂದೆ' ಅನ್ನುತ್ತೇವೆ. ಇನ್ನೂ ಎದ್ದಿರುವುದಿಲ್ಲ, ಬಾಯಲ್ಲಿ ಆಗಲೇ ಬಂದಾಗಿರುತ್ತದೆ. ಅದನ್ನೇ ಅವರ ಭಾಷೆಗೆ ತಿರುಗಿಸಿ 'ವೀನೆ' ಅಂದೆ. ಅವರು ಜೋರಾಗಿ ನಕ್ಕು, "ವೀನೆ ಅಲ್ಲ, ವೋಯ್" ಅಂದರು. ವೋಯ್ ಅಂದರೆ ಹೋಗುವುದಲ್ಲವೇ? ಬರಬೇಡ, ಹೋಗು ಅನ್ನುತ್ತಿದ್ದಾರೆ ಅಂದುಕೊಂಡು ಅರ್ಧ ದಾರಿಯಿಂದ ಹಿಂದಿರುಗಿ ಕುರ್ಚಿಯಲ್ಲಿ ಕೂತೆ. ಅವರು ಬಂದು ಇಣುಕಿ, ಹಣೆ ಚಚ್ಚಿಕೊಂಡು ಹೋದರು. ಯಾಕೆಂದು ನಾನು ಕೇಳಲಿಲ್ಲ. ಕೇಳಿದರೆ ನನಗೆ ಗೊತ್ತಿಲ್ಲವೆಂದು ಒಪ್ಪಿಕೊಂಡಂತೆ ಆಗುತ್ತಿತ್ತಲ್ಲ.

ಅದಾಗಿ ಎರಡು ವಾರಕ್ಕೆ, ಭಾನುವಾರ ಬೆಳಿಗ್ಗೆ, ಮನೆಯ ಹಿಂದೆಯೇ ಅಪ್ಪನ ಪಾದಕ್ಕೆ ಕೊಳಕುಮಂಡಲ ಹಾವು ಕಚ್ಚಿತು. ನಮ್ಮದು ಹೊಲದ ಮನೆ, ಊರು ದೂರ. ಅವ್ವ ತೀರಿಕೊಂಡ ಮೇಲೆ ಇದ್ದದ್ದು ನಾವಿಬ್ಬರೇ. ಕೆಲಸಕ್ಕೆಂದು ಕೊಟ್ಟಿದ್ದ ಮೊಬೈಲಿನಿಂದ ಗುಡ್ಡದ ಮೇಲಿದ್ದ ಇಂಜಿನಿಯರಿಗೆ ಫೋನ್ ಮಾಡಿದೆ. ಜೀಪು ಅವರ ಹತ್ತಿರವಿತ್ತು. ಒಮ್ಮೆ ನಮ್ಮ ಮನೆಗೆ ಬಂದು ಮುದ್ದೆ ಉಂಡು ಹೋಗಿದ್ದರಿಂದ ದಾರಿಯೂ ಗೊತ್ತಿತ್ತು. ಆದರೆ ಅವತ್ತೇ ಅವರು ರಜೆಗೆ ತಮ್ಮ ದೇಶಕ್ಕೆ ಹೊರಡುವವರಿದ್ದರು. ಅಪ್ಪ, ಹಾವು, ಮನೆ, ಬನ್ನಿ ಎಂದು ಬಾಯಿಗೆ ಬಂದ ನಾಲ್ಕು ಸ್ಪ್ಯಾನಿಷ್ ಪದ ಕೂಗಿದೆ. ಆ ಕಡೆಯಿಂದ "ವೋಯ್, ವೋಯ್" ಅಂದು ಫೋನು ಕಟ್ಟಾಯಿತು. ಮತ್ತೆ ಮಾಡಿದರೆ ಸಿಗ್ನಲ್ ಇಲ್ಲ.

ಹೋಗುತ್ತೇನೆ, ಹೋಗುತ್ತೇನೆ. ನನಗೆ ಮೈಯೆಲ್ಲ ಉರಿದುಹೋಯಿತು. ಇಲ್ಲಿ ಮನುಷ್ಯ ಸಾಯುತ್ತಿದ್ದಾನೆ, ಇವರಿಗೆ ವಿಮಾನದ ಚಿಂತೆ.

"ಏನಂದ್ರವ್ವ?" ಅಪ್ಪ ಕಾಲು ಹಿಡಿದುಕೊಂಡು ಕೇಳಿದ.

"ಬರಲ್ಲ. ಅವರ ಊರಿಗೆ ಹೋಗ್ತಾರಂತೆ."

"ಇರು ಮಗಳೆ, ಸ್ವಲ್ಪ ನೋಡಾಣ. ಉಂಡು ಹೋದ ಮನುಷ್ಯ, ಬಂದ್ರೂ ಬರಬೋದು."

"ಅವರ ಮಾತು ನಂಗೆ ಅರ್ಥ ಆಗ್ತೈತೆ, ನಿಂಗಾಗಲ್ಲ. ಏಳು."

ಪಕ್ಕದ ಹೊಲದಲ್ಲಿ ಉಳುತ್ತಿದ್ದವರನ್ನು ಕೂಗಿ ಕರೆದು, ಅವರ ಟ್ರ್ಯಾಕ್ಟರಿನಲ್ಲಿ ಅಪ್ಪನನ್ನು ಹತ್ತಿಸಿ, ಮನೆಗೆ ಬೀಗ ಹಾಕಿ ಕೆರೆ ಏರಿಯ ದಾರಿ ಹಿಡಿದೆವು. ಹೊಸದುರ್ಗ ಮುಟ್ಟುವಷ್ಟರಲ್ಲಿ ಹೊತ್ತು ನೆತ್ತಿಗೇರಿತ್ತು. ಅಲ್ಲಿಂದ ಚಿತ್ರದುರ್ಗದ ದೊಡ್ಡಾಸ್ಪತ್ರೆಗೆ ಕಳಿಸಿದರು. ಅಲ್ಲಿನ ಡಾಕ್ಟರು ನಮ್ಮನ್ನು ಬೈಯಲಿಲ್ಲ. ಎಷ್ಟು ಹೊತ್ತಿಗೆ ಕಚ್ಚಿದ್ದು ಎಂದು ಮೂರು ಸಲ ಕೇಳಿದರು, ಅಷ್ಟೇ. ಜೀವ ಉಳಿಯಿತು. ಕಾಲು ಕಪ್ಪಾಗುತ್ತಾ ಬಂದು, ಮೊಣಕಾಲಿನ ಕೆಳಗೆ ಕತ್ತರಿಸಬೇಕಾಯಿತು.

ಆಸ್ಪತ್ರೆಗೆ ಅಪ್ಪನನ್ನು ನೋಡಲು ಇಂಜಿನಿಯರ ಜೀಪಿನ ಡ್ರೈವರ್ ಬಂದ. ಅಪ್ಪ ಮಲಗಿದ್ದ. ಡ್ರೈವರ್ ನನ್ನನ್ನು ಹೊರಗೆ ಕರೆದು ಹೇಳಿದ: "ಎಲ್ಲಿ ಹೋಗಿದ್ರಿ ಅಕ್ಕ ಅವತ್ತು? ನೀವು ಫೋನ್ ಮಾಡಿದ ಕಾಲು ಗಂಟೆಗೆಲ್ಲ ಗುಡ್ಡದ ದಾರೀಲಿ ಇಳ್ದು ಬಂದ್ವಿ. ಸಾಹೇಬ್ರು ವೋಯ್ ವೋಯ್ ಅಂತ ಕೂಗ್ತಾನೇ ಜೀಪ್ ಹತ್ತಿದ್ರು. ನೋಡಿದ್ರೆ ಬೀಗ. ಫೋನೂ ಸಿಗ್ಲಿಲ್ಲ. ಊರಲ್ಲೆಲ್ಲ ಹುಡುಕಾಡಿ ವಿಮಾನಾನೂ ತಪ್ಪಿಸ್ಕಂಡ್ರು. ಮಾರನೇ ದಿನ ಹೋದ್ರು. ರಜೆ ಮುಗಿದ ಮೇಲೆ ಅಲ್ಲೇ ಬೇರೆ ಕೆಲ್ಸ ಅಂತೆ, ಇನ್ನು ಈ ಕಡೆ ಬರಲ್ವಂತೆ."

ಆಗ ನನಗೆ ಹೊಳೆಯಿತು. ಕರೆದವರಿಗೆ ನಾವು 'ಬಂದೆ' ಅನ್ನುವ ಕಡೆ ಅವರು 'ವೋಯ್' ಅನ್ನುತ್ತಾರೆ. ನೀನಿರುವಲ್ಲಿಗೆ ಹೊರಟೆ ಎಂದು ಅದರ ಅರ್ಥ. ಅವತ್ತು ಹಣೆ ಚಚ್ಚಿಕೊಂಡು ಹೋದದ್ದು ಇದಕ್ಕೇ. ಒಂದು ಮಾತು ಕೇಳಿದ್ದರೆ ಹೇಳಿಕೊಡುತ್ತಿದ್ದರು. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಅಪ್ಪನಿಗೆ ಇದನ್ನು ನಾನು ಇವತ್ತಿನವರೆಗೆ ಹೇಳಿಲ್ಲ. ಮನೆಗೆ ಬಂದವರು ಕಾಲಿನ ವಿಷಯ ಎತ್ತಿದರೆ ಸಾಕು, ಅವನು ಶುರು ಮಾಡುತ್ತಾನೆ: "ಉಂಡ ಮನೆಗೆ ಎರಡು ಬಗೆದ ಕಣ್ರೀ ಆ ಪರದೇಶದೋನು. ಪುಣ್ಯಕ್ಕೆ ನನ್ನ ಮಗಳಿಗೆ ಅವನ ಭಾಷೆ ಬರ್ತಿತ್ತು. ಬರಲ್ಲ ಅಂದಿದ್ದು ತಕ್ಷಣ ತಿಳ್ಕಂಡ್ಳು. ಇಲ್ದಿದ್ರೆ ಅವನ ದಾರಿ ಕಾಯ್ಕಂಡು ಕುಂತು ಜೀವಾನೇ ಹೋಗಿರೋದು." ಬಂದವರು ನನ್ನನ್ನು ಮೆಚ್ಚಿ ನೋಡುತ್ತಾರೆ. ನಾನು ಮಜ್ಜಿಗೆ ಲೋಟ ಕೈಗೆ ಕೊಟ್ಟು ಒಳಗೆ ಹೋಗುತ್ತೇನೆ. ಹೇಳಲೇಬೇಕೆಂದು ಎರಡು ಸಲ ಎದುರಿಗೆ ಹೋಗಿ ಕೂತಿದ್ದೂ ಉಂಟು. ಎರಡು ಸಲವೂ ಕುರಿಗಳ ಲೆಕ್ಕ ಕೇಳಿ ಎದ್ದು ಬಂದೆ.

ಮಧ್ಯಾಹ್ನ ಮುದ್ದೆ ಬಡಿಸಿ, "ಅಪ್ಪ, ಉಣ್ಣಾಕೆ ಬಾ" ಎಂದು ಕರೆಯುತ್ತೇನೆ. ರೊಪ್ಪದ ಕಡೆಯಿಂದ "ಬಂದೆ" ಅನ್ನುತ್ತಾನೆ. ಬರಲು ಬಹಳ ಹೊತ್ತಾಗುತ್ತದೆ. ಮೊದಲು ಊರುಗೋಲು ಅಂಗಳದ ಕಲ್ಲಿಗೆ ತಾಗಿದ ಸದ್ದು ಕೇಳುತ್ತದೆ, ಆಮೇಲೆ ಒಂದು ಕಾಲಿನದು. ನಾನು ಬಾಗಿಲಲ್ಲೇ ನಿಂತಿರುತ್ತೇನೆ.

"ಮುದ್ದೆ ಆರೋಗ್ತೈತೆ, ನೀನು ಹೋಗಿ ಉಣ್ಣವ್ವ" ಅನ್ನುತ್ತಾನೆ ಅಪ್ಪ.

ನಾನು ಹೋಗುವುದಿಲ್ಲ.