ಗೇಣಿನಲ್ಲಿ ತೊಟ್ಟಿ ಅಳೆಯುವ ಸಾಬವ್ವ

ಬೆಳಿಗ್ಗೆ ಐದೂವರೆ. ಮುಂಬಯಿ ಹತ್ತಿರದ ಠಾಕುರ್ಲಿ ಸ್ಟೇಷನ್ನಿನಿಂದ ಗದ್ದೆಯ ಬದು ಹಿಡಿದು ಅರ್ಧ ಗಂಟೆ ನಡೆದರೆ ಸಿಗುವ ಹಳ್ಳದಲ್ಲಿ ಸಾಬವ್ವ ಮೊಣಕಾಲುದ್ದ ನೀರಿಗೆ ಇಳಿದಿದ್ದಾರೆ. ಕೈಯಲ್ಲಿ ಹಳೆಯ ಸೊಳ್ಳೆಪರದೆಯ ತುಂಡು, ಅದರ ಎರಡು ಅಂಚಿಗೂ ಬಿದಿರಿನ ಕೋಲು. ಜೊಂಡಿನ ಬುಡಕ್ಕೆ ಅದನ್ನು ಒತ್ತಿ, ಕಾಲಿನಿಂದ ನೀರು ಕಲಕಿ, ಮೆಲ್ಲನೆ ಎತ್ತುತ್ತಾರೆ. ಇಪ್ಪತ್ತೋ ಮೂವತ್ತೋ ಮೀನು, ಯಾವುದೂ ಬೆರಳಿಗಿಂತ ಉದ್ದವಿಲ್ಲ. ಒಂಬತ್ತನ್ನು ಇಟ್ಟುಕೊಂಡು ಮಿಕ್ಕವನ್ನು ಹಳ್ಳಕ್ಕೇ ಬಿಡುತ್ತಾರೆ.

ಬಿಟ್ಟವುಗಳಲ್ಲೇ ಒಂದು ಬೆಳ್ಳಿಯಂತೆ ಹೊಳೆಯುತ್ತಿತ್ತಲ್ಲ ಎಂದು ಕೇಳುತ್ತೇನೆ.

"ಅದರವ್ವ ನನ್ನ ತೋಳಿನಷ್ಟು ಇರ್ತಾಳ್ರಿ. ಮೀನ ಕೊಡಬೇಕಾದ್ರ ಇವತ್ತಿನ ಮರಿ ನೋಡಬಾರ್ದು, ಅದರವ್ವನ್ನ ನೋಡಬೇಕು."

ಮನೆಯ ಗಾಜಿನ ತೊಟ್ಟಿಗೆ ಹೊಂದುವ ಮೀನನ್ನು ಆರಿಸಿ ಕೊಡುವುದು ಸಾಬವ್ವನ ಕೆಲಸ. ಐದು ವರ್ಷಗಳಿಂದ ಠಾಣೆಯಿಂದ ಕಲ್ಯಾಣದವರೆಗೆ ಮೂವತ್ತೊಂದು ಮನೆಗಳಿಗೆ ಹೀಗೆ ಕೊಟ್ಟಿದ್ದಾರೆ. ಹಿಡಿದ ಮೀನನ್ನು ಎರಡು ದಿನ ಮಡಕೆಯಲ್ಲಿಟ್ಟು ರೋಗವಿಲ್ಲವೆಂದು ನೋಡುತ್ತಾರೆ. ಆಮೇಲೆ ಅಲ್ಯುಮಿನಿಯಂ ಡಬರಿಗೆ ಒದ್ದೆ ಬಟ್ಟೆ ಕಟ್ಟಿ, ಲೋಕಲ್ ರೈಲಿನ ಲಗೇಜು ಡಬ್ಬಿಯಲ್ಲಿ ಕೋಳಿವಾಡದ ಮೀನು ಮಾರುವ ಹೆಂಗಸರ ಬುಟ್ಟಿಗಳ ನಡುವೆ ಕೂರುತ್ತಾರೆ. ತಿನ್ನುವ ಮೀನಲ್ಲ, ನೋಡುವ ಮೀನು ಎಂದರೆ ಆ ಹೆಂಗಸರು ಇಂದಿಗೂ ನಗುತ್ತಾರಂತೆ.

ಸಾಬವ್ವ ಗುಲ್ಬರ್ಗಾ ಜಿಲ್ಲೆಯವರು. ಅಪ್ಪ ಭೀಮಾ ನದಿಯಲ್ಲಿ ಹರಿಗೋಲು ಹಾಕುತ್ತಿದ್ದರು. ೧೯೭೩ರಲ್ಲಿ ಗಂಡ ಹುಲಗಪ್ಪನ ಜೊತೆ ಡೊಂಬಿವಲಿಗೆ ಬಂದು ಕಟ್ಟಡದ ಕೆಲಸಕ್ಕೆ ಸೇರಿದರು. ಐದು ವರ್ಷದ ನಂತರ ಹುಲಗಪ್ಪ ಕಟ್ಟಡಕ್ಕೆ ಕಟ್ಟಿದ ಬಿದಿರಿನ ಪರಾಂಚಿಯಿಂದ ಬಿದ್ದು ಸೊಂಟ ಮುರಿದುಕೊಂಡರು. ಈಗ ಭಾರ ಎತ್ತಲಾರರು, ಒಂದು ಕಟ್ಟಡದ ವಾಚ್‌ಮನ್. ಮನೆ ನಡೆಯುವುದು ಸಾಬವ್ವನ ದುಡಿಮೆಯಿಂದ.

ಸಾಬವ್ವ ದುಡಿಯುತ್ತಿದ್ದ ಒಂದು ಕಟ್ಟಡದ ನೀರಿನ ಹೌದಿನಲ್ಲಿ ಸೊಳ್ಳೆಮರಿ ತುಂಬಿ ಕೂಲಿಗಳಿಗೆಲ್ಲ ಜ್ವರ ಬಂದಾಗ ಅವರು ಹಳ್ಳದಿಂದ ಹಿಡಿಯಷ್ಟು ಮೀನು ತಂದು ಬಿಟ್ಟರು. ವಾರದಲ್ಲಿ ಹುಳ ಮಾಯ. ತಮ್ಮ ಹೊಸ ಫ್ಲಾಟ್ ನೋಡಲು ಬಂದಿದ್ದ ಉಡುಪಿ ಕಡೆಯ ರಮಾಮಣಿ ಆ ಹೌದಿನ ಮುಂದೆಯೇ ನಿಂತುಬಿಟ್ಟರು. ಮುಂಬಯಿ ಪೇಟೆಯಿಂದ ತಂದ ಬಣ್ಣದ ಮೀನುಗಳು ಸತ್ತು ಅವರ ಮನೆಯ ತೊಟ್ಟಿ ಬರಿದಾಗಿತ್ತು. ನಮಗೂ ನಾಲ್ಕು ಕೊಡಿ ಎಂದರು.

ಸಾಬವ್ವ ಎಂಟು ಪಟ್ಟೆಮೀನು ಕೊಟ್ಟರು. ಚೆಂದ ಕಾಣಲೆಂದು ಕೇಸರಿ ಬಣ್ಣದ ಎರಡು ಮರಿಗಳನ್ನೂ ಸೇರಿಸಿದರು. ಅವು ಮರಳ್ ಮರಿಗಳು. ಹಾವಿನಂಥ ತಲೆಯ, ಇತರ ಮೀನನ್ನು ತಿಂದು ಬೆಳೆಯುವ ಜಾತಿ. ಆರು ತಿಂಗಳಲ್ಲಿ ಪಟ್ಟೆಮೀನು ಒಂದೂ ಉಳಿಯಲಿಲ್ಲ. ಕೊನೆಗೆ ಒಂದು ಮರಳ್ ಇನ್ನೊಂದನ್ನೂ ಮುಗಿಸಿ, ತಿರುಗಲು ಜಾಗವಿಲ್ಲದೆ ಗಾಜಿಗೆ ಮೂತಿ ಉಜ್ಜಿಕೊಂಡು ಗಾಯ ಮಾಡಿಕೊಂಡಿತು. ರಮಾಮಣಿಯವರ ಮಗಳು ಸುಗುಣಾ ಆ ಕೋಣೆಗೆ ಹೋಗುವುದನ್ನೇ ಬಿಟ್ಟಳು.

"ಅಕ್ಕೋರು ಬೈಲಿಲ್ರಿ. ಬೈದಿದ್ರ ಚಲೋ ಇತ್ತು. ಅದು ಮರಳ್ ಅಂತ ನನಗ ಗೊತ್ತಿತ್ತು. ಬೆಳೀತದ ಅನ್ನೋದು ಮರ್ತಿದ್ದೆ."

ಒದ್ದೆ ಗೋಣಿಯಲ್ಲಿ ಸುತ್ತಿ ಆ ಮೀನನ್ನು ಹಳ್ಳಕ್ಕೆ ಒಯ್ದು ಬಿಟ್ಟರು. ಅಂದಿನಿಂದ ಅಳತೆ ಶುರುವಾಯಿತು. ತೊಟ್ಟಿಯ ಉದ್ದದ ಪ್ರತಿ ಗೇಣಿಗೆ ಎರಡು ಸಣ್ಣ ಮೀನು, ಹೆಚ್ಚಿಲ್ಲ. ಪಟ್ಟೆಮೀನು ಗುಂಪಿನ ಜೀವ, ಆರಕ್ಕಿಂತ ಕಮ್ಮಿ ಕೊಡುವುದಿಲ್ಲ. ಆರು ಹಿಡಿಸದ ತೊಟ್ಟಿಗೆ ಪಟ್ಟೆಮೀನೇ ಇಲ್ಲ. ನೆತ್ತಿಯ ಮೇಲೆ ಬಿಳಿ ಚುಕ್ಕೆ ಇರುವ ಮೀನು ಜಿಗಿಯುತ್ತದೆ, ಮುಚ್ಚಳ ಬೇಕು. ಗುಂಡು ಬೋಗುಣಿ ತೋರಿಸಿದರೆ ಡಬರಿಯ ಬಟ್ಟೆ ಬಿಚ್ಚದೆ ಎದ್ದು ಬರುತ್ತಾರೆ.

ಕಳೆದ ವರ್ಷ ಠಾಣೆಯ ನೌಪಾಡಾದ ಹೋಟೆಲ್ ಮಾಲೀಕ ಸಂಕರ್ಷಣ ಭಟ್ಟರ ಗಲ್ಲಾದ ಪಕ್ಕದ ತೊಟ್ಟಿ ಅಳೆದಾಗ ಮೂರೇ ಗೇಣು ಬಂತು. ರಸ್ತೆಗೆ ಕಾಣುವಂಥ ದೊಡ್ಡ ಮೀನು ಬೇಕೆಂದು ಭಟ್ಟರು, ಬೆರಳುದ್ದದ ಆರೇ ಎಂದು ಸಾಬವ್ವ. ಪ್ರತಿ ತಿಂಗಳೂ ಮೀನು ಕೊಳ್ಳುತ್ತೇನೆಂದರೂ ಸಾಬವ್ವ ಒಪ್ಪಲಿಲ್ಲ. ಭಟ್ಟರು ಬೇರೆ ಕಡೆಯಿಂದ ಕೈಯಗಲದ ನಾಲ್ಕು ಮೀನು ತಂದರು. ಮೂರು ವಾರದಲ್ಲಿ ಕೊನೆಯದು ಮಧ್ಯಾಹ್ನದ ಊಟದ ಹೊತ್ತಿಗೆ ಗಿರಾಕಿಗಳ ಎದುರಲ್ಲೇ ಮಗುಚಿ ತೇಲಿತು. ಮರುದಿನವೇ ಅಡುಗೆಯ ಚೆನ್ನಯ ಸಾಬವ್ವನನ್ನು ಹುಡುಕಿಕೊಂಡು ಠಾಕುರ್ಲಿಗೆ ಹೋದರು.

"ಈ ಹೆಂಗಸಿಗೆ ವ್ಯಾಪಾರ ಗೊತ್ತಿಲ್ಲ ಅಂತ ಎಣಿಸಿದ್ದೆ ಮಾರಾಯ್ರೆ," ಎನ್ನುತ್ತಾರೆ ಭಟ್ಟರು. "ತಿಂಗಳು ತಿಂಗಳು ಸತ್ತರೆ ಅವಳಿಗೇ ಲಾಭ ಅಲ್ವಾ? ಅದು ಬೇಡ ಅಂದವಳು ಅವಳು."

ಈಗ ಆ ತೊಟ್ಟಿಯಲ್ಲಿ ನೆತ್ತಿಚುಕ್ಕೆಯ ಮೀನು ಆರು ಇವೆ. ಈ ಬೇಸಿಗೆಯಲ್ಲಿ ಮೊಟ್ಟೆ ಇಟ್ಟು ಮರಿ ಮಾಡಿವೆ. ಸುದ್ದಿ ತಿಳಿದ ಸಾಬವ್ವ ಮಾರಲು ಏನೂ ಇಲ್ಲದ ದಿನವೇ ರೈಲು ಹತ್ತಿ ಬಂದರು. ಸೂಜಿಯಂಥ ಮರಿಗಳನ್ನು ತಾಯಿಮೀನುಗಳು ತಿಂದಾವೆಂದು ಬಿಸ್ಕತ್ತಿನ ದೊಡ್ಡ ಗಾಜಿನ ಭರಣಿಗೆ ಬಿಡಿಸಿದರು. ಹನ್ನೊಂದು ಉಳಿದಿವೆ.

ಠಾಕುರ್ಲಿಯ ಗದ್ದೆಯಲ್ಲಿ ಈಗ ಸುಣ್ಣದ ಗೆರೆ ಎಳೆದಿದ್ದಾರೆ. ಕಟ್ಟಡ ಏಳಲಿದೆ, ಹಳ್ಳ ಮುಚ್ಚಿಹೋಗಲಿದೆ. ಆಮೇಲೇನು ಎಂದು ಕೇಳಿದರೆ ಸಾಬವ್ವ ಪರದೆ ಹಿಂಡಿ ಹೆಗಲಿಗೆ ಹಾಕಿಕೊಳ್ಳುತ್ತಾರೆ.

"ಕಲ್ಯಾಣದ ಕಡಿ ಒಂದ್ ಹೊಂಡ ನೋಡಿ ಬಂದೀನ್ರಿ. ನೀರು ಚಲೋ ಅದ, ಮೀನಿಲ್ಲ. ಮಳಿ ಬಿದ್ದ ಮ್ಯಾಲ ಎರಡು ಜೋಡಿ ಮೀನ ವಾಪಸ್ ಕೊಡ್ರಿ ಅಂತ ಭಟ್ಟರಿಗಿ ಕೇಳೀನಿ. ಹೂಂ ಅಂದಾರ."